ಕರೆಯೋಲೆ ಒಬ್ಬರ ಕೈಯಲ್ಲಿ, ಪಟ್ಟಿ ಇನ್ನೊಬ್ಬರ ಕೈಯಲ್ಲಿ

ಯಾವ ಸಮಾರಂಭವೇ ಇರಲಿ, ಅಡುಗೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಎಲೆ?’ ಸಂಘದ ಅಧ್ಯಕ್ಷರು ‘ಇನ್ನೂರು, ಇನ್ನೂರೈವತ್ತು ಇರಬಹುದು’ ಎಂದು ರಾಗ ಎಳೆದರೆ ಅವರು ಒಪ್ಪುವುದಿಲ್ಲ. ಅಕ್ಕಿ ಅಳೆಯುವವರಿಗೆ, ತರಕಾರಿಯ ಪಟ್ಟಿ ಬರೆಸುವವರಿಗೆ ಅಂತಹ ಉತ್ತರ ಸಾಲದು. ಊರಿನ ಕಾರ್ಯಕ್ರಮಗಳಲ್ಲಿ ‘ಬರುವವರ ಹೆಸರು ಬರೆದುಕೊಳ್ಳಿ’ ಎಂದು ಮೊದಲು ಹೇಳುವವರು ಬಹುಪಾಲು ಅಡುಗೆಯವರೇ. ಅಷ್ಟು ಹೊತ್ತಿಗೆ ಉಳಿದವರೆಲ್ಲ ಪೋಸ್ಟರಿನ ಬಣ್ಣ, ಅತಿಥಿಗಳ ಫೋಟೊ, ವೇದಿಕೆಯ ಮೇಲಿನ ಕುರ್ಚಿಗಳ ಚರ್ಚೆಯಲ್ಲಿ ಮುಳುಗಿರುತ್ತಾರೆ.

ಪುಸ್ತಕ ಬಿಡುಗಡೆ, ಕಮ್ಮಟ, ಸಂಗೀತ ಕಛೇರಿ, ಹಳೆಯ ವಿದ್ಯಾರ್ಥಿಗಳ ಸಮಾವೇಶ ಎಂದು ಓಡಾಡುವವರಿಂದ ಈ ಅಂಕಣಕ್ಕೆ ಪದೇ ಪದೇ ಬರುವ ಪ್ರಶ್ನೆ, ‘ಜನರನ್ನು ಸೇರಿಸುವುದು ಹೇಗೆ?’ ಎಂಬುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಹೆಸರು ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ಬರಲೇ ಇಲ್ಲ, ಏನು ಮಾಡುವುದು?’ ಒಂದು ಪ್ರಚಾರದ ತೊಡಕು, ಇನ್ನೊಂದು ನೋಂದಣಿಯ ತೊಡಕು ಎಂದು ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿಡುವುದು ರೂಢಿ. ವಾಸ್ತವದಲ್ಲಿ ಎರಡೂ ಒಂದೇ ಕೆಲಸ. ಕರೆಯುವ ಕೈಯಲ್ಲೇ ಬರುವವರ ಪಟ್ಟಿಯೂ ಇದ್ದಾಗ ಎರಡೂ ಸರಿಹೋಗುತ್ತವೆ. ಕೈ ಬೇರೆಯಾದಾಗ ಎರಡೂ ಕೆಡುತ್ತವೆ.

ಹಿಂದೆ ಈ ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತಿದ್ದುದು ಟಿಕೆಟ್ ಪುಸ್ತಕ. ನೀನಾಸಮ್ ತಿರುಗಾಟ 1985ರಲ್ಲಿ ಶುರುವಾಯಿತು. ಹೆಗ್ಗೋಡಿನಲ್ಲಿ ಸಿದ್ಧವಾದ ನಾಟಕಗಳು ಊರೂರು ಸುತ್ತುತ್ತವೆ, ಆದರೆ ಪ್ರೇಕ್ಷಕರನ್ನು ಕೂಡಿಸುವ ಹೊಣೆ ಆಯಾ ಊರಿನ ರಂಗಾಸಕ್ತರದು. ಇಂಥ ನಾಟಕಗಳಿಗೆ ಟಿಕೆಟ್ ಮಾರಿದವರನ್ನು ಮಾತನಾಡಿಸಿದರೆ ಒಂದು ವಿಷಯ ಗೊತ್ತಾಗುತ್ತದೆ. ಬ್ಯಾಂಕಿನವರೊಬ್ಬರು, ಕಾಲೇಜಿನ ಮೇಷ್ಟರೊಬ್ಬರು, ಔಷಧ ಅಂಗಡಿಯವರೊಬ್ಬರು ತಲಾ ಒಂದು ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಹರಿದುಕೊಟ್ಟ ಚೀಟಿ ಕೊಂಡವರ ಕಿಸೆಗೆ ಹೋದರೆ ಅದರ ಬುಡ ಮಾರಿದವರ ಬಳಿ ಉಳಿಯುತ್ತದೆ. ಯಾವ ಬೀದಿಯಿಂದ ಎಷ್ಟು ಜನ ಬರುತ್ತಾರೆ, ಯಾರ ಮನೆಯಿಂದ ವಯಸ್ಸಾದವರು ಬರುತ್ತಾರೆ, ಯಾರಿಗೆ ಮುಂದಿನ ಸಾಲು ಬೇಕು ಎಂಬುದೆಲ್ಲ ಮಾರುವಾಗಲೇ ತಿಳಿದುಬಿಡುತ್ತದೆ. ಕೊಂಡವರಿಗೂ ಒಂದು ಕಟ್ಟುಪಾಡು: ಬರದಿದ್ದರೆ ಮಾರನೆಯ ದಿನ ಮೇಷ್ಟರಿಗೆ ಮುಖ ತೋರಿಸಬೇಕು!

ಟಿಕೆಟ್ ಪುಸ್ತಕ ಎಲ್ಲೆಡೆಯೂ ಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಡುತ್ತವೆ. ಜನ ಹೇಗೂ ಜಾತ್ರೆಗೆ ಬಂದಿರುತ್ತಾರೆ. ಧ್ವನಿವರ್ಧಕದಲ್ಲಿ ಕೂಗಿದರೆ, ಬಣ್ಣದ ಬೋರ್ಡು ನಿಲ್ಲಿಸಿದರೆ ಸಾಕು. ಈ ಆಟಕ್ಕೆ ಜಾಗ ಸಿಗದವರು ಮುಂದಿನ ಆಟಕ್ಕೆ ಬರುತ್ತಾರೆ. ಅದೇ ಕಾರ್ಯಕ್ರಮ ಮತ್ತೆ ಮತ್ತೆ ನಡೆಯುವಲ್ಲಿ ಮುಂಗಡ ಪಟ್ಟಿಯ ಗೊಡವೆ ಇಲ್ಲ. ಒಂದೇ ದಿನ, ಒಂದೇ ಸಭಾಂಗಣ, ಇಂತಿಷ್ಟೇ ಕುರ್ಚಿ ಎಂದಾಗ ಮಾತ್ರ ಎಣಿಕೆಯ ಪ್ರಶ್ನೆ ಏಳುತ್ತದೆ.

ಈಗ ಕರೆಯುವುದು ಅಗ್ಗವಾಗಿದೆ. 2018ರಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಬೀದಿಗಳಿಂದ ಅಕ್ರಮ ಫ್ಲೆಕ್ಸ್‌ಗಳನ್ನು ತೆರವು ಮಾಡಿದಾಗ ‘ಇನ್ನು ಪ್ರಚಾರ ಹೇಗೆ?’ ಎಂದು ಚಿಂತಿಸಿದವರಿದ್ದರು. ಅವರ ಪ್ರಚಾರವೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಸೇರಿತು. ಅಲ್ಲಿ ಹರಿದಾಡುವ ಆಹ್ವಾನ ಪತ್ರಿಕೆಯೊಂದನ್ನು ಹತ್ತಿರದಿಂದ ನೋಡಿ. ಮೇಲೆ ಸಂಸ್ಥೆಯ ಲಾಂಛನ. ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ಹತ್ತು ಹನ್ನೆರಡು ಮುಖಗಳು. ದಿನಾಂಕ, ಸಮಯ, ಸ್ಥಳ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ. ಸಭಾಂಗಣದ ಹೆಸರಿದ್ದರೆ ಬಡಾವಣೆಯ ಹೆಸರಿಲ್ಲ. ಯಾವ ಬಸ್ಸು, ಯಾವ ಮೆಟ್ರೊ ನಿಲ್ದಾಣ, ಬೈಕು ಎಲ್ಲಿ ನಿಲ್ಲಿಸಬೇಕು, ಮಕ್ಕಳನ್ನು ಕರೆತರಬಹುದೇ, ಊಟ ಇದೆಯೇ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ವೇದಿಕೆಯ ಮೇಲಿನವರಿಗಾಗಿ ಮಾಡಿದ ಪತ್ರಿಕೆ ಅದು, ಸಭೆಯಲ್ಲಿ ಕೂರುವವರಿಗಾಗಿ ಮಾಡಿದ್ದಲ್ಲ. ಅದರ ಕೆಳಗೆ ಒಂದು ಗೂಗಲ್ ಫಾರ್ಮ್‌ನ ಕೊಂಡಿ. ಪೋಸ್ಟರ್ ಮಾಡಿದವರು ಒಬ್ಬರು, ಫಾರ್ಮ್ ಮಾಡಿದವರು ಇನ್ನೊಬ್ಬರು. ಸಭಾಂಗಣದಲ್ಲಿ ಎಷ್ಟು ಆಸನವಿದೆ ಎಂಬುದು ಇಬ್ಬರಿಗೂ ಗೊತ್ತಿಲ್ಲದಿರುವುದೂ ಉಂಟು.

ಎಣಿಕೆಯಿಲ್ಲದ ಕರೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಬೆಂಗಳೂರು 2025ರ ಜೂನ್ 4ರಂದು ಕಂಡಿತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ತಂಡ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತ್ತು. ರಾಜ್ಯ ಸರ್ಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, ಮರುದಿನ ಬೆಳಿಗ್ಗೆ 7 ಗಂಟೆ ದಾಟುತ್ತಿದ್ದಂತೆ ತಂಡದ ಸಾಮಾಜಿಕ ಜಾಲತಾಣದ ಖಾತೆಯಿಂದ ಜನರಿಗೆ ಆಹ್ವಾನ ಹೊರಟಿತು. ಒಟ್ಟು ಪೋಸ್ಟ್‌ಗಳನ್ನು 44 ಲಕ್ಷ ಬಾರಿ ನೋಡಲಾಯಿತು. ಉಚಿತ ಪಾಸುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಅವು ಸೀಮಿತ ಎಂಬ ಮಾತು ಬಂದದ್ದು ಮಧ್ಯಾಹ್ನ 3 ಗಂಟೆ ಕಳೆದ ಮೇಲೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35 ಸಾವಿರ ಜನ. ಸುತ್ತಲಿನ ರಸ್ತೆಗಳಲ್ಲಿ ಸೇರಿದ್ದು ಲಕ್ಷಗಟ್ಟಲೆ. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಹೆಚ್ಚಿನವರು ಎಳೆಯ ಪ್ರಾಯದವರು. ಹೊಣೆ ಯಾರದು, ಎಷ್ಟು ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯೊಂದನ್ನು ವಿಧಾನಸಭೆಯಲ್ಲಿ ಮಂಡಿಸಿತು. ಆದರೆ ಆ ದಿನದ ಗಂಟೆಗಳ ಲೆಕ್ಕವನ್ನು ಕಾರ್ಯಕ್ರಮ ನಡೆಸುವ ಪ್ರತಿಯೊಬ್ಬರೂ ಒಮ್ಮೆ ಓದಿಕೊಳ್ಳಬೇಕು. ಕರೆ ಬೆಳಿಗ್ಗೆ ಹೊರಟಿದೆ, ಮಿತಿ ಮಧ್ಯಾಹ್ನ ಹೊರಟಿದೆ. ಮೈಸೂರು, ತುಮಕೂರು, ಕೋಲಾರದಂತಹ ಊರುಗಳಿಂದ ರೈಲು ಬಸ್ಸು ಹತ್ತಿದವರಿಗೆ ಆ ಹೊತ್ತಿನಲ್ಲಿ ‘ಪಾಸು ಬೇಕು’ ಎಂದರೆ ಅವರು ಮಾಡುವುದಾದರೂ ಏನು?

ನೂರು ಕುರ್ಚಿಯ ಸಭೆಗೂ ಇದೇ ನಿಯಮ. ಎಷ್ಟು ಜನರಿಗೆ ಜಾಗವಿದೆ, ಹೆಸರು ಬರೆಸದೆ ಬಂದವರನ್ನು ಒಳಗೆ ಬಿಡುತ್ತಾರೆಯೇ ಇಲ್ಲವೇ ಎಂಬುದು ಮೊದಲ ಪೋಸ್ಟರಿನಲ್ಲೇ ಇರಬೇಕು, ಮತ್ತು ದೊಡ್ಡ ಅಕ್ಷರದಲ್ಲಿರಬೇಕು.

ಎಲ್ಲರನ್ನೂ ಕರೆದೂ ಕೆಲವರ ಹೆಸರನ್ನಷ್ಟೇ ಬರೆದುಕೊಳ್ಳುವ ಪದ್ಧತಿಗೆ ನಮ್ಮಲ್ಲಿ ದೊಡ್ಡ ಮಾದರಿಯೊಂದಿದೆ. ಅದು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. 1915ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ನಡೆಯಿತು. 87ನೆಯದು 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ, ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ. ಸಮ್ಮೇಳನದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಂದು ಕೂತು ಗೋಷ್ಠಿ ಕೇಳಬಹುದು, ಪುಸ್ತಕ ಮಳಿಗೆ ಸುತ್ತಬಹುದು. ಹಣ ಕಟ್ಟಿ ಹೆಸರು ಬರೆಸುವವರು ಪ್ರತಿನಿಧಿಗಳು. ಅವರಿಗೆ ವಸತಿ, ಬ್ಯಾಡ್ಜು, ಚೀಲದಲ್ಲಿ ಪುಸ್ತಕ ಪೆನ್ನುಗಳ ಕಿಟ್ಟು. ಸರ್ಕಾರಿ ನೌಕರರಾಗಿದ್ದರೆ ಅನ್ಯ ಕಾರ್ಯ ನಿಮಿತ್ತ ರಜೆ, ಅದಕ್ಕೆ ತಕ್ಕ ಹಾಜರಾತಿ ಪ್ರಮಾಣಪತ್ರ. ಹೀಗೆ ಹೊಣೆ ಹೊರಬೇಕಾದ ಜನರನ್ನು ಮಾತ್ರ ಪಟ್ಟಿಗೆ ತೆಗೆದುಕೊಂಡು ಉಳಿದ ಕನ್ನಡಿಗರನ್ನು ಮುಕ್ತವಾಗಿ ಬರಮಾಡಿಕೊಳ್ಳುವುದು ಬಹಳ ವಿವೇಕದ ಏರ್ಪಾಡು. ಲಕ್ಷಾಂತರ ಜನರ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ದಾರಿ ತೋಚುವುದಿಲ್ಲ.

ಆದರೂ ಮೊದಲ ದಿನ ಕಿಟ್ಟಿನ ಕೌಂಟರಿನಲ್ಲಿ ನೂಕುನುಗ್ಗಲು, ವಸತಿ ಎಲ್ಲಿ ಎಂದು ಗೊತ್ತಾಗದೆ ಚೀಲ ಹೊತ್ತು ಅಲೆದಾಟ ಎಂಬ ದೂರುಗಳು ಸಮ್ಮೇಳನದಿಂದ ಸಮ್ಮೇಳನಕ್ಕೆ ಕೇಳಿಬರುತ್ತಲೇ ಇರುತ್ತವೆ. ಹೆಸರು ತಿಂಗಳಿಗೆ ಮೊದಲೇ ಬಂದಿರುತ್ತದೆ. ಯಾರು ಯಾವ ಹಾಸ್ಟೆಲಿನಲ್ಲಿ, ಯಾವ ಕಲ್ಯಾಣ ಮಂಟಪದಲ್ಲಿ ಎಂಬುದು ಊರಿಗೆ ಬಂದಿಳಿದ ಮೇಲೆ ತಿಳಿಯುತ್ತದೆ. ಬೀದರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಶಿಕ್ಷಕಿಯೊಬ್ಬರಿಗೆ ಆ ಮಾಹಿತಿ ಹೊರಡುವ ಮುನ್ನವೇ ಮೊಬೈಲಿಗೆ ಬಂದರೆ ಎಷ್ಟು ನೆಮ್ಮದಿ! ಈಚಿನ ವರ್ಷಗಳಲ್ಲಿ ಆನ್‌ಲೈನ್ ನೋಂದಣಿಯೂ ಬಂದಿರುವುದರಿಂದ ಇದು ಆಗದ ಕೆಲಸವೇನಲ್ಲ. ಹೆಸರು ಬರೆದುಕೊಂಡವರು ತಿರುಗಿ ಏನನ್ನಾದರೂ ಹೇಳಬೇಕು. ಹೆಸರು ಬರೆಸಿದವರ ಪಾಲಿಗೆ ನೋಂದಣಿ ಎಂದರೆ ಒಂದು ಮಾತು ಕೊಟ್ಟು ಒಂದು ಮಾತು ಪಡೆಯುವುದು.

ಇನ್ನು ಬಾಗಿಲ ಬಳಿಯ ಮೇಜಿನ ಕಥೆ. ಮುನ್ನೂರು ಜನರ ಕಾರ್ಯಕ್ರಮಕ್ಕೆ ಎರಡು ಮೇಜು, ಒಬ್ಬೊಬ್ಬರಿಗೆ ಒಂದು ನಿಮಿಷ ಎಂದಿಟ್ಟುಕೊಳ್ಳಿ. ಎಲ್ಲರೂ ಬರುವುದು ಕೊನೆಯ ಅರ್ಧ ಗಂಟೆಯಲ್ಲಿ. ಅಷ್ಟರಲ್ಲಿ ಒಳಗೆ ಹೋಗುವವರು ಅರವತ್ತು ಮಂದಿ. ಐದು ಮೇಜು ಹಾಕಿ ತಲಾ ಅರ್ಧ ನಿಮಿಷದಲ್ಲಿ ಮುಗಿಸಿದರೆ ಅದೇ ಅರ್ಧ ಗಂಟೆಯಲ್ಲಿ ಮುನ್ನೂರು ಜನರೂ ಒಳಗಿರುತ್ತಾರೆ. ಆ ಅರ್ಧ ನಿಮಿಷವನ್ನು ಉಳಿಸುವುದೇ ಕಷ್ಟ, ಏಕೆಂದರೆ ಹೊತ್ತು ಹೋಗುವುದೆಲ್ಲ ಹೆಸರು ಹುಡುಕುವುದರಲ್ಲಿ. ಸ್ವಯಂಸೇವಕಿಯ ಕೈಯಲ್ಲಿರುವುದು ಫಾರ್ಮ್ ತುಂಬಿದ ಕ್ರಮದಲ್ಲೇ ಮುದ್ರಿಸಿದ ಹಾಳೆ. ಅದರಲ್ಲಿ ಕೆಲವರು ಹೆಸರನ್ನು ಕನ್ನಡದಲ್ಲಿ ಬರೆದಿದ್ದಾರೆ, ಕೆಲವರು ಇಂಗ್ಲಿಷಿನಲ್ಲಿ. ಕೆ. ಎಸ್. ಮಂಜುನಾಥ ಎಂಬುವರನ್ನು ‘ಕೆ’ಯಲ್ಲಿ ಹುಡುಕಬೇಕೋ ‘ಮ’ದಲ್ಲಿ ಹುಡುಕಬೇಕೋ? ಊರಿನ ಹೆಸರು, ತಂದೆಯ ಹೆಸರು ಹಿಂದೆಯೋ ಮುಂದೆಯೋ? ಪಟ್ಟಿಯಲ್ಲಿ ಮಂಜುನಾಥರು ಏಳು ಮಂದಿ. ಬೆರಳು ಹಾಳೆಯ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡುತ್ತದೆ. ಹಿಂದಿನ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಇಳಿಯುತ್ತದೆ.

ಇದಕ್ಕೆ ಅನುಭವಸ್ಥ ಸಂಘಟಕರು ಕಂಡುಕೊಂಡಿರುವ ಸುಲಭದ ಉಪಾಯ, ಪಟ್ಟಿಯನ್ನು ಮೊಬೈಲ್ ಸಂಖ್ಯೆಯ ಮೇಲೆ ಜೋಡಿಸುವುದು. ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹೇಳಿದರೆ ಸಾಕು. ಹೆಸರಿನ ಕಾಗುಣಿತ, ಇನಿಷಿಯಲ್ಲು, ಲಿಪಿ ಯಾವುದರ ತಕರಾರೂ ಇಲ್ಲ. ಕೊನೆಯ ಅಂಕಿ 0, 1 ಆದವರಿಗೆ ಒಂದು ಮೇಜು, 2, 3 ಆದವರಿಗೆ ಇನ್ನೊಂದು ಎಂದು ಐದು ಮೇಜಿಗೆ ಹಂಚಿಬಿಡಬಹುದು. ಕ್ಯೂಆರ್ ಕೋಡ್ ಇದ್ದರೆ ಇನ್ನೂ ಬೇಗ, ಸರಿ. ಆದರೆ ನೆಟ್‌ವರ್ಕ್ ಕೈಕೊಟ್ಟಾಗ, ಮೊಬೈಲಿನ ಬ್ಯಾಟರಿ ಸತ್ತಾಗ, ಮಗ ನೋಂದಣಿ ಮಾಡಿಕೊಟ್ಟದ್ದನ್ನು ನಂಬಿ ಅಪ್ಪ ಬರಿಗೈಯಲ್ಲಿ ಬಂದಾಗ ಮುದ್ರಿತ ಹಾಳೆಯೇ ಗತಿ. ಸಭೆಗೆ ಬರುವವರಲ್ಲಿ ಹಿರಿಯರೇ ಹೆಚ್ಚಿರುವ ಸಂಗೀತ, ಸಾಹಿತ್ಯದ ಕಾರ್ಯಕ್ರಮಗಳಿಗೆ ಫೋನ್ ಮಾಡಿ ಹೆಸರು ಬರೆಸುವ ಅವಕಾಶವನ್ನು ಬಿಡಲೇಬಾರದು. ಫಾರ್ಮ್ ತುಂಬಲು ಬಾರದ ಒಂದೇ ಕಾರಣಕ್ಕೆ ಐವತ್ತು ವರ್ಷ ಕಛೇರಿ ಕೇಳಿದವರೊಬ್ಬರು ಬಾಗಿಲ ಹೊರಗೆ ಉಳಿಯುವುದು ಯಾವ ಸಂಘಟನೆಗೂ ಶೋಭೆಯಲ್ಲ. ಒಬ್ಬರು ಹೆಸರು ಬರೆಸಿ ಮನೆಯವರು ನಾಲ್ಕು ಮಂದಿ ಬರುವುದೂ ನಮ್ಮಲ್ಲಿ ಸಹಜ. ಆದ್ದರಿಂದ ‘ನಿಮ್ಮ ಜತೆ ಎಷ್ಟು ಜನ?’ ಎಂಬ ಪ್ರಶ್ನೆ ಮೊದಲೇ ಇರಲಿ.

ಹೆಸರು ಕೊಟ್ಟು ಬರದವರ ವಿಚಾರಕ್ಕೆ ಬರೋಣ. ಉಚಿತ ಕಾರ್ಯಕ್ರಮಗಳಲ್ಲಿ ಇದು ಮಾಮೂಲು. ಒಂದು ಕ್ಲಿಕ್ಕಿನಲ್ಲಿ ಹೆಸರು ಸೇರುತ್ತದೆ. ಶನಿವಾರ ಸಂಜೆ ಮಳೆ ಬಂದರೆ, ಟ್ರಾಫಿಕ್ ನೆನಪಾದರೆ ಮನಸ್ಸು ಹಿಂಜರಿಯುತ್ತದೆ. ಶುಲ್ಕ ಇಟ್ಟರೆ ಈ ಸಂಖ್ಯೆ ಇಳಿಯುತ್ತದೆ, ನಿಜ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಬರುವವರು ಮುಂಚಿತವಾಗಿ ಹೆಸರು ಬರೆಸಿ, ಊಟ ವಸತಿಯೂ ಸೇರಿದ ಶುಲ್ಕ ಕಟ್ಟಿ, ದಿನಗಟ್ಟಲೆ ಅಲ್ಲೇ ಉಳಿಯುತ್ತಾರೆ. ಸಾಗರ ತಾಲ್ಲೂಕಿನ ಒಂದು ಹಳ್ಳಿಗೆ ನಾಡಿನ ಮೂಲೆ ಮೂಲೆಯಿಂದ ಜನ ರಜೆ ಹಾಕಿ ಬರುತ್ತಾರೆಂದರೆ ಅದಕ್ಕೆ ಪೋಸ್ಟರು ಕಾರಣವಲ್ಲ; ಹೋಗಿಬಂದವರ ಬಾಯಿಮಾತು ಕಾರಣ. ಆದರೆ ಎಲ್ಲ ಸಭೆಗಳಿಗೂ ಶುಲ್ಕ ಹೊಂದುವುದಿಲ್ಲ. ಪುಸ್ತಕ ಬಿಡುಗಡೆಗೆ ದುಡ್ಡು ಕೇಳಿದರೆ ಬರುವ ನಾಲ್ವರೂ ಬಾರದೆ ಹೋದಾರು. ಅಂಥಲ್ಲಿ ಹಿಂದಿನ ದಿನ ಒಂದು, ಅದೇ ದಿನ ಬೆಳಿಗ್ಗೆ ಒಂದು ಸಂದೇಶ ಕಳಿಸಿ, ‘ಬರಲಾಗದಿದ್ದರೆ ತಿಳಿಸಿ, ಕಾಯುತ್ತಿರುವ ಇನ್ನೊಬ್ಬರಿಗೆ ಜಾಗ ಸಿಗುತ್ತದೆ’ ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ. ತನ್ನ ಕುರ್ಚಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂಬುದು ತಿಳಿದರೆ ಜನ ತಿಳಿಸುತ್ತಾರೆ. ತಿಳಿಸುವ ದಾರಿ ಇಲ್ಲದಿದ್ದಾಗ ಸುಮ್ಮನಿರುತ್ತಾರೆ.

ಹೊತ್ತಿಗೆ ಸರಿಯಾಗಿ ಶುರು ಮಾಡುವುದೂ ಪ್ರಚಾರವೇ. ಬೆಂಗಳೂರಿನ ರಂಗಶಂಕರ 2004ರಲ್ಲಿ ತೆರೆದಂದಿನಿಂದ ತಡವಾಗಿ ಬಂದವರನ್ನು ಒಳಗೆ ಬಿಡದ ನಿಯಮಕ್ಕೆ ಹೆಸರಾಗಿದೆ. ಆಟ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಈ ನಿಯಮದಿಂದ ಅಲ್ಲಿ ಪ್ರೇಕ್ಷಕರು ಕಡಿಮೆಯಾಗಿಲ್ಲ. ಜನ ಗಡಿಯಾರ ನೋಡಿ ಮನೆ ಬಿಡುವುದನ್ನು ಕಲಿತರು. ಆಹ್ವಾನ ಪತ್ರಿಕೆಯಲ್ಲಿ 5.30 ಎಂದು ಹಾಕಿ ಮಂತ್ರಿಗಳಿಗಾಗಿ 7ರವರೆಗೆ ಕಾಯಿಸುವ ಸಂಘ ತನ್ನ ಮುಂದಿನ ಕಾರ್ಯಕ್ರಮದ ಪ್ರೇಕ್ಷಕರನ್ನು ಅಂದೇ ಕಳೆದುಕೊಳ್ಳುತ್ತದೆ.

ಅಮೆರಿಕದ ಕನ್ನಡಿಗರು ಎರಡು ವರ್ಷಕ್ಕೊಮ್ಮೆ ನಡೆಸುವ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನದಲ್ಲಿ ಈ ಲೆಕ್ಕ ಇನ್ನೂ ಬಿಗಿ. 2024ರಲ್ಲಿ ಅದು ವರ್ಜೀನಿಯಾದ ರಿಚ್ಮಂಡಿನಲ್ಲಿ ನಡೆಯಿತು. ಅಂಥ ಕಡೆ ಸಮಾವೇಶ ಭವನ, ಹೋಟೆಲ್ ಕೋಣೆಗಳು, ಊಟ ಎಲ್ಲಕ್ಕೂ ಮುಂಗಡ ಕರಾರು ಇರುತ್ತದೆ; ತುಂಬದ ಕೋಣೆಗೂ ಹಣ ತೆರಬೇಕಾಗಬಹುದು. ಬೇಗ ಹೆಸರು ಬರೆಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ರೂಢಿಯ ಹಿಂದಿರುವುದು ಇದೇ ಒತ್ತಡ. ನಮ್ಮ ಊರಿನ ಸಂಘಗಳೂ ಬೇಗ ಬರೆಸಿದವರಿಗೆ ಏನಾದರೊಂದು ಅನುಕೂಲ ಮಾಡಿಕೊಡಬಹುದು. ಹಣದ ರಿಯಾಯಿತಿಯೇ ಆಗಬೇಕೆಂದಿಲ್ಲ, ಮುಂದಿನ ಸಾಲಿನ ಆಸನವಾದರೂ ಸಾಕು.

ಕೊನೆಗೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಯಂತಹ ಓಟಕ್ಕೆ ಹೆಸರು ಬರೆಸುವವರಿಂದ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬಂಥ ವಿವರ ಕೇಳುತ್ತಾರೆ. ಹಾದಿಯಲ್ಲಿ ಓಟಗಾರರೊಬ್ಬರು ಕುಸಿದುಬಿದ್ದರೆ ಅದು ಬೇಕು. ಕವನ ಸಂಕಲನದ ಬಿಡುಗಡೆಗೆ ಬರುವವರ ಜನ್ಮದಿನಾಂಕ, ಮನೆಯ ವಿಳಾಸ, ಆಧಾರ್ ಸಂಖ್ಯೆ ಯಾಕೆ ಬೇಕು? ಕೇಳುವ ಪ್ರತಿಯೊಂದು ಖಾನೆಗೂ ‘ಇದರಿಂದ ನಾವು ಏನು ಮಾಡುತ್ತೇವೆ’ ಎಂಬ ಉತ್ತರ ಇರಬೇಕು. ಇಲ್ಲದಿದ್ದರೆ ಆ ಖಾನೆಯನ್ನು ಅಳಿಸಬೇಕು. ಹೆಸರು, ಫೋನ್ ನಂಬರು, ಜತೆಗೆ ಬರುವವರ ಸಂಖ್ಯೆ, ಊಟವಿದ್ದರೆ ಊಟದ ವಿವರ, ಇಷ್ಟರಲ್ಲಿ ಬಹುತೇಕ ಸಭೆಗಳ ಕೆಲಸ ನಡೆಯುತ್ತದೆ. ಖಾನೆ ಕಡಿಮೆಯಾದಷ್ಟೂ ಅರ್ಧಕ್ಕೇ ಬಿಟ್ಟುಹೋಗುವವರೂ ಕಡಿಮೆ.

ಕೇಳಿ ಪಡೆದದ್ದನ್ನು ಕಾಪಾಡುವುದು ಇನ್ನೊಂದು ಹೊಣೆ. ಸಮಿತಿಯ ಹದಿನೈದು ಮಂದಿಗೂ ಅನುಕೂಲವಾಗಲಿ ಎಂದು ಪಟ್ಟಿಯ ಕೊಂಡಿಯನ್ನು ಗುಂಪಿನಲ್ಲಿ ಹಾಕಿಬಿಟ್ಟರೆ, ಆ ಕೊಂಡಿ ಸಿಕ್ಕ ಯಾರು ಬೇಕಾದರೂ ತೆರೆಯುವಂತಿದ್ದರೆ, ನೂರಾರು ಜನರ ಫೋನ್ ನಂಬರು ಬೀದಿಗೆ ಬಿದ್ದಂತೆಯೇ. ಕಾರ್ಯಕ್ರಮಕ್ಕೆಂದು ಕೊಟ್ಟ ನಂಬರಿಗೆ ಮರುವಾರ ನಿವೇಶನ ಮಾರುವವರ ಕರೆ ಬಂದರೆ ಹೆಣ್ಣುಮಕ್ಕಳು ಮುಂದಿನ ಸಲ ಹೆಸರು ಬರೆಸಲು ಹಿಂದೆಮುಂದೆ ನೋಡುತ್ತಾರೆ, ಅದು ಸಹಜ. ಕೇಂದ್ರ ಸರ್ಕಾರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಂದಿದೆ; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಯಾವ ಉದ್ದೇಶಕ್ಕೆ ಮಾಹಿತಿ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು, ಉದ್ದೇಶ ತೀರಿದ ಮೇಲೆ ಅಳಿಸುವುದು ಅದರ ತಿರುಳು. ಮುಖ್ಯ ಕಟ್ಟಳೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ಹೊತ್ತಿಗೆ. ಅಷ್ಟರೊಳಗೆ ಪ್ರತಿಯೊಂದು ಸಂಘವೂ ತನ್ನ ಹಳೆಯ ಕಾರ್ಯದರ್ಶಿಗಳ ಲ್ಯಾಪ್‌ಟಾಪು, ಮೊಬೈಲುಗಳಲ್ಲಿ ಉಳಿದಿರುವ ಹಿಂದಿನ ಕಾರ್ಯಕ್ರಮಗಳ ಪಟ್ಟಿಗಳನ್ನು ಹುಡುಕಿ ತೆಗೆದು, ಮುಂದಿನ ಆಹ್ವಾನ ಬೇಕೇ ಎಂದು ಅದರಲ್ಲಿರುವವರನ್ನು ಕೇಳಿ, ಬೇಡ ಎಂದವರ ಹೆಸರನ್ನೂ ಉತ್ತರಿಸದವರ ಹೆಸರನ್ನೂ ಅಳಿಸಿಹಾಕುವ ಕೆಲಸ ಶುರು ಮಾಡಬಹುದು.